ಹದಿನಾಲ್ಕನೆಯ ಕಲಮು

ನವಲಗುಂದ
11 ಫೆಬ್ರುವರಿ 1975

ಶ್ರೀ ಬಾಳಕೃಷ್ಣ ಅವರಿಗೆ ವತ್ಸಲಾ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಸೊಲ್ಲಾಪುರದಲ್ಲಿ ನೀವೂ ಅತ್ತೆಯವರೂ ಆರೋಗ್ಯವಾಗಿದ್ದೀರೆಂದು ಸಂಕ್ರಾಂತಿಗೆ ಬಂದವರೊಬ್ಬರು ಹೇಳಿದರು. ನಾವು ಬೇರೆಯಾದ ಈ ಏಳು ವರ್ಷಗಳಲ್ಲಿ ನಾನು ನಿಮಗೆ ಬರೆಯುತ್ತಿರುವ ಹನ್ನೆರಡನೆಯ ಪತ್ರ ಇದು. ಹನ್ನೊಂದಕ್ಕೂ ಉತ್ತರ ಬಂದಿಲ್ಲ. ದೂರೆಂದು ತಿಳಿಯಬೇಡಿ, ಇದ್ದದ್ದನ್ನು ಹೇಳಿದೆ.

ವಿಷಯ ಹೀಗಿದೆ. ಪರದೇಶದ ಭಾಷೆ ಕಲಿಯುವ ಶಿಕ್ಷಕರಿಗೆ ಕೇಂದ್ರ ಸರಕಾರ ಕೊಡುವ ಶಿಷ್ಯವೇತನಕ್ಕೆ ನಾನು ಆಯ್ಕೆಯಾಗಿದ್ದೇನೆ. ರಷ್ಯನ್ ಭಾಷೆ, ಮಾಸ್ಕೋದಲ್ಲಿ ಹತ್ತು ತಿಂಗಳು. ಹೋಗಿಬರುವ ಖರ್ಚು, ಅಲ್ಲಿಯ ವಸತಿ, ತಿಂಗಳ ವೇತನ ಸರಕಾರದ್ದು. ಉಣ್ಣೆಯ ಕೋಟು ನನ್ನದು. ನಡುವೆ ಬಿಟ್ಟು ಬಂದರೆ ಖರ್ಚೆಲ್ಲವನ್ನೂ ತಿರುಗಿ ಕಟ್ಟಬೇಕು. ಮುಗಿಸಿ ಬಂದ ಮೇಲೆ ಐದು ವರ್ಷ ಸರಕಾರ ಹೇಳಿದ ಊರಲ್ಲಿ ಕಲಿಸಬೇಕು. ಹಾಗೆಂದು ಮುಚ್ಚಳಿಕೆ ಬರೆದುಕೊಡಬೇಕು, ಇಬ್ಬರ ಜಾಮೀನೂ ಬೇಕು. ಕಾಗದಗಳು ಮಾರ್ಚ್ ಹದಿನೈದರೊಳಗೆ ಮುಟ್ಟಬೇಕು. ವಯಸ್ಸು ಮೂವತ್ತೈದು ತುಂಬಿರಬಾರದು. ನನಗೆ ಬರುವ ಆಗಸ್ಟಿಗೆ ತುಂಬುತ್ತದೆ. ಆದ್ದರಿಂದ ಮುಂದಿನ ವರ್ಷ ಎಂಬುದು ನನಗಿಲ್ಲ.

ನಾನು ರಷ್ಯನ್ ಕಲಿಯುತ್ತಿರುವುದನ್ನು ಎಂಟನೆಯ ಪತ್ರದಲ್ಲಿ ಬರೆದಿದ್ದೆ. ಎರಡು ವರ್ಷ ಪ್ರತಿ ರವಿವಾರ ಮೊದಲ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಧಾರವಾಡ. ಯಾಕೆಂದು ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಒಂದು ರಷ್ಯನ್ ಕಾದಂಬರಿಯನ್ನು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಓದಿದೆ. ಬಹಳ ದಿನದ ಮೇಲೆ ಗಂಡ ಮನೆಗೆ ಬರುತ್ತಾನೆ. ಮರಾಠಿಯಲ್ಲಿ ಹೆಂಡತಿ ಅವನನ್ನು ಕ್ಷಮಿಸುತ್ತಾಳೆ. ಕನ್ನಡದಲ್ಲಿ ಅವಳು ದೀಪದ ಬತ್ತಿ ಸರಿಮಾಡುತ್ತಾಳೆ, ಅಷ್ಟೇ. ಎರಡೂ ಪುಸ್ತಕಗಳನ್ನು ಬಾಜು ಬಾಜು ಇಟ್ಟುಕೊಂಡು ನೋಡಿದೆ. ಅವಳು ನಿಜವಾಗಿ ಏನು ಮಾಡಿದಳೆಂದು ಇನ್ನೊಬ್ಬರ ಬಾಯಿಂದ ತಿಳಿದುಕೊಳ್ಳುವುದು ನನಗೆ ಸಾಕಾಯಿತು.

ಜಾಮೀನು ಕಷ್ಟವಾಗಬಹುದೆಂದಿದ್ದೆ, ಆಗಲಿಲ್ಲ. ಒಂದು ನಮ್ಮ ಶಾಲೆಯ ಮುಖ್ಯಾಧ್ಯಾಪಕಿಯವರದು. ಇನ್ನೊಂದಕ್ಕೆ ತಿರ್ಲಾಪುರದ ಶಂಭುಲಿಂಗಪ್ಪನವರಲ್ಲಿಗೆ ಹೋದೆ. ಅವರ ಮಗಳು ನನ್ನ ವಿದ್ಯಾರ್ಥಿನಿ. ಹತ್ತಿ ಬಿಡಿಸುವ ಸುಗ್ಗಿ, ಹೊಲದಲ್ಲೇ ಇದ್ದರು. ಮುಚ್ಚಳಿಕೆಯನ್ನು ಪೂರಾ ಓದಿಸಿ ಕೇಳಿದರು. “ನೀವು ಹೊಳ್ಳಿ ಬರಲಿಲ್ಲಂದ್ರ ಸರಕಾರದವರು ಈ ಹೊಲಾ ಒಯ್ತಾರೇನ್ರಿ ಬಾಯಾರ?” ಎಂದರು. ಹೌದ್ರಿ, ಒಯ್ಯಬಹುದು ಎಂದೆ. ಒಂದು ಗಳಿಗೆ ಹೊಲದ ಕಡೆ ನೋಡಿ, “ಹಂಗಿದ್ರ ಬರ್ತೀರಿ ಬಿಡ್ರಿ, ಪೆನ್ನು ಕೊಡ್ರಿ” ಎಂದರು.

ನಾನಿರುವ ಮನೆಯ ಒಡತಿ ಹಲೀಮಾಬಿ ಜಮಖಾನ ನೇಯುವವರು. ಅವರ ಮನೆತನದಲ್ಲಿ ಮಗ್ಗದ ಕೆಲಸವನ್ನು ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ, ಸೊಸೆಯರಿಗೆ ಮಾತ್ರ. ಮಗಳು ಕಲಿತರೆ ವಿದ್ಯೆ ಇನ್ನೊಂದು ಮನೆಗೆ ಹೋಗುತ್ತದೆ ಎಂಬ ಲೆಕ್ಕ. ಐದು ವರ್ಷದ ಕರಾರು ಕೇಳಿದಾಗ ಅವರು ನೇಯುವುದನ್ನು ನಿಲ್ಲಿಸಿ, “ನಿಮ್ಮ ಸರಕಾರ ನಮಗಿಂತ ಶ್ಯಾಣ್ಯಾ ಐತಿ ಬಿಡವಾ. ಮಗಳಿಗೆ ಕಲಿಸಿ, ಕಲತ ಮ್ಯಾಲೆ ತಾನ ಸೊಸಿ ಮಾಡ್ಕೊಳ್ಳಾಕತ್ತೈತಿ” ಎಂದರು. ನಾನು ಬಹಳ ದಿನದ ಮೇಲೆ ನಕ್ಕೆ.

ಅಡ್ಡ ಬಂದದ್ದು ಅರ್ಜಿಯ ಹದಿನಾಲ್ಕನೆಯ ಕಲಮು. ವಿವಾಹಿತ ಸ್ತ್ರೀಯಾದರೆ ಗಂಡನ ಒಪ್ಪಿಗೆ ಮತ್ತು ಸಹಿ ಎಂದಿದೆ. ನಾನು ಖಾಲಿ ಬಿಟ್ಟು ಕಳಿಸಿದೆ. ಕೆಂಪು ಪೆನ್ಸಿಲಿನ ಗೆರೆ ಹೊತ್ತು ಹೊರಳಿ ಬಂತು. ಧಾರವಾಡದ ಕಚೇರಿಗೆ ಹೋದೆ. ಗುಮಾಸ್ತರು ಕೆಟ್ಟವರಲ್ಲ. ದನಿ ಇಳಿಸಿ, “ಯಜಮಾನರು ತೀರ್ಕೊಂಡಾರಂತ ಬರದುಬಿಡ್ರಿ. ಈ ಕಲಮ ನಿಮಗ ಹತ್ತೂದಿಲ್ಲ” ಎಂದರು. “ಅವರು ಅಗದಿ ಆರಾಮ ಇದ್ದಾರ್ರಿ” ಎಂದೆ. “ಹಂಗಾದ್ರ ಅವರ ಸಹೀನ ಬೇಕಲ್ರಿ” ಎಂದು ಅವರು ಅರ್ಜಿಯನ್ನು ನನ್ನ ಕಡೆ ಸರಿಸಿದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಮನೆಗೆ ಬಂದು ನಿಮ್ಮ ಸಹಿಯನ್ನು ನಾನೇ ಒಂದು ಹಾಳೆಯ ಮೇಲೆ ಮಾಡಿ ನೋಡಿದೆ. ಚೆನ್ನಾಗಿಯೇ ಬಂತು. ಹಾಳೆಯನ್ನು ಒಲೆಗೆ ಹಾಕಿದೆ. ನಿಮ್ಮ ಹೆಸರಿನಲ್ಲಿ ಹೌದು ಎನ್ನುವ ಹಕ್ಕು ನನಗಿಲ್ಲ.

ನೀವು ಯಾವುದಕ್ಕೂ ಬೇಡ ಎಂದವರಲ್ಲ. ಬಿ.ಎಡ್. ಪರೀಕ್ಷೆಗೆ ಕೂತುಕೊಳ್ಳಲೇ ಎಂದು ಕೇಳಿದಾಗ “ನೋಡೂಣು” ಎಂದಿರಿ. ಅರ್ಜಿಯ ತಾರೀಖು ದಾಟಿತು. ಬ್ಯಾಂಕಿನವರು ನಿಮ್ಮನ್ನು ಸೊಲ್ಲಾಪುರಕ್ಕೆ ವರ್ಗ ಮಾಡಿದಾಗ ನಾನು ನೌಕರಿ ಬಿಡಲಾರೆ, ಒಂದು ವರ್ಷ ಕಾಯಿರಿ ಎಂದೆ. ಆಗಲೂ “ನೋಡೂಣು” ಎಂದು ಗಾಡಿ ಹತ್ತಿದಿರಿ. ಬೇಡ ಎಂದಿದ್ದರೆ ನಾನು ಜಗಳವಾಡಬಹುದಿತ್ತು. ಸುಮ್ಮನಿರುವವರೊಡನೆ ಹೇಗೆ ಜಗಳವಾಡುವುದೆಂದು ನನಗೆ ಇಷ್ಟು ವರ್ಷ ತಿಳಿಯಲಿಲ್ಲ.

ಈ ಸಲ ನಾನು ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ. ಜುಲೈ ಕೊನೆಯಲ್ಲಿ ದಿಲ್ಲಿಯಿಂದ ಹೊರಡಬೇಕು. ಸಿಟ್ಟು ಬಂದರೆ ಅದನ್ನೇ ಬರೆಯಿರಿ, ಓದುತ್ತೇನೆ. ಬರೆಯದಿದ್ದರೂ ನಡೆಯುತ್ತದೆ. ಅತ್ತೆಯವರ ಮಂಡಿನೋವಿಗೆ ಹಿಂದೆ ನಾನು ಕಾಯಿಸಿಕೊಡುತ್ತಿದ್ದ ಎಣ್ಣೆಯ ವಿವರವನ್ನು ಬೇರೆ ಚೀಟಿಯಲ್ಲಿ ಬರೆದು ಒಳಗಿಟ್ಟಿದ್ದೇನೆ. ಅವರಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತು,
ವತ್ಸಲಾ

ತಾ.ಕ.: ನಿಯಮಗಳ ಪುಸ್ತಿಕೆಯ ಕೊನೆಯ ಪುಟದಲ್ಲಿ ಹದಿನಾಲ್ಕನೆಯ ಕಲಮಿಗೆ ಸಣ್ಣ ಅಕ್ಷರದ ಟಿಪ್ಪಣಿಯೊಂದಿದೆ. ಗಂಡಹೆಂಡತಿ ಐದು ವರ್ಷಕ್ಕೂ ಹೆಚ್ಚು ಕಾಲ ಬೇರೆಯಿದ್ದರೆ ಒಪ್ಪಿಗೆ ಬೇಕಿಲ್ಲ. ರಜಿಸ್ಟರ್ ಪತ್ರದಿಂದ ಗಂಡನಿಗೆ ವಿಷಯ ತಿಳಿಸಿ, ಪತ್ರ ಮುಟ್ಟಿತೆಂದು ಅವನು ಮಾಡಿದ ಸಹಿಯನ್ನು ಲಗತ್ತಿಸಿದರೆ ಸಾಕು. ಗುಮಾಸ್ತರಿಗೆ ತೋರಿಸಿದೆ, ಎರಡು ಸಲ ಓದಿ ಹೌದೆಂದರು. ಮನೆಗೆ ಕಳಿಸಿದರೆ ಅತ್ತೆಯವರು ಸಹಿ ಮಾಡಿಬಿಟ್ಟಾರೆಂದು ನಿಮ್ಮ ಬ್ಯಾಂಕಿನ ವಿಳಾಸಕ್ಕೆ ಕಳಿಸಿದ್ದೇನೆ. ಈ ಲಕೋಟೆ ಕೊಡುವಾಗ ಪೋಸ್ಟಮನ್ ಒಂದು ಕಾರ್ಡಿನ ಮೇಲೆ ನಿಮ್ಮ ಸಹಿ ಪಡೆದಿರುತ್ತಾನೆ. ನೀವು ಇದನ್ನು ಓದುವ ಹೊತ್ತಿಗೆ ಆ ಕಾರ್ಡು ನವಲಗುಂದಕ್ಕೆ ಹೊರಟಿರುತ್ತದೆ.