ರಾಣಿ ಸಾಯುವುದಿಲ್ಲ

ಜೂನ್ 8, ಭಾನುವಾರ

ಎರಡು ಬ್ಲೌಸ್ ಮುಗಿದವು. ಮೂರನೆಯದರ ಲೈನಿಂಗ್ ಬಾಕಿ. ಸುಮಿತಾ ಹೊಲಿಗೆ ಮಷಿನ್ ಪಕ್ಕ ಕೂತು ತನ್ನ ಕಾದಂಬರಿಯ ಕೊನೆಯ ಅಧ್ಯಾಯ ಓದಿದಳು. ವಾರವೆಲ್ಲ ಹಳಿಯಾಳದ ಶಾಲೆಯಲ್ಲಿ ಪಾಠ, ರಜೆ ಸಿಕ್ಕರೆ ಬರವಣಿಗೆ. ನನ್ನ ಮಗಳಿಗೆ ಬೇರೆ ಹುಚ್ಚಿಲ್ಲ.

ಕಥೆಯಲ್ಲಿ ನೀರಕೋಟೆ ಅಂತ ಒಂದು ರಾಜಮನೆತನ. ಅಲ್ಲಿ ಹೊಳೆಯ ಮೊಸಳೆಗಳು ಹಾರುತ್ತವೆ. ಹೊಳೆ ತುಂಬ ಮೊಸಳೆ ಇರುವ ದಾಂಡೇಲಿಯಲ್ಲಿ ಬೆಳೆದವಳಿಗೆ ಇನ್ನೇನು ಹೊಳೆದೀತು. ಆದರೆ ರಾಜನ ಮಕ್ಕಳಾದರೂ ಕೊಟ್ಟಿಗೆ ತೊಳೆದ ಮೇಲೆಯೇ ಮೊಸಳೆ ಏರಬೇಕು. ಕಾವಲಿನವರು ಉಂಡ ಮೇಲೆಯೇ ಅವರ ಊಟ. ಹಿರಿಯ ಮಗ ಒಬ್ಬ ಆಳಿಗೆ ಹೊಡೆದಾಗ ರಾಜ ಬೈಯಲಿಲ್ಲ. ವರ್ಷವಿಡೀ ಅವನಿಂದಲೇ ಆ ಆಳಿನ ಮನೆಗೆ ನೀರು ಹೊರಿಸಿದ. ಅದನ್ನೆಲ್ಲ ನೋಡುತ್ತ ಬೆಳೆದ ಕಿರಿಯ ಮಗಳು ಚಂದಲೆ, ಯುದ್ಧದಲ್ಲಿ ಕೈಗೆ ಸಿಕ್ಕ ಶತ್ರುವಿನ ಮಗನನ್ನು ಕೊಲ್ಲದೆ ಬಿಡುತ್ತಾಳೆ.

ಮಷಿನ್ ನಿಲ್ಲಿಸಿ ಕೇಳಿದೆ. ಎದೆ ತುಂಬಿತ್ತು. "ಚಲೋ ಐತಿ" ಅಂದೆ, ಅಷ್ಟೇ.

ಜೂನ್ 21

ಧಾರವಾಡದಿಂದ ಫೋನ್. ಪ್ರಕಾಶನದ ಶಾಂತಾದೇವಿಯವರು. ಕಾದಂಬರಿ ಹಿಡಿಸಿದೆ, ಅಚ್ಚು ಹಾಕುತ್ತಾರಂತೆ. ಆದರೆ ರಾಜ ರಾಣಿ ಮೊದಲ ಅಧ್ಯಾಯದಲ್ಲೇ ಸಾಯಬೇಕು. ಸುಮಿತಾ ಸ್ಪೀಕರ್ ಹಾಕಿದಳು.

"ಅಪ್ಪ ಅವ್ವ ಇದ್ರ ಮಕ್ಕಳು ಸಾಹಸ ಮಾಡೂದು ಯಾವಾಗ? ಕಾಯ್ಲಿಕ್ಕೆ ಅವರ ಇರ್ತಾರಲ್ಲವಾ. ಓದೋ ಹುಡುಗ್ರಿಗೆ ಅನಾಥ ಮಕ್ಕಳ ಕಥಿನ ಬೇಕು."

ನಮ್ಮ ಮನೆಯವರು ಮಿಲ್ಲಿಗೆ ಹೊರಟು ನಿಂತಿದ್ದರು. "ಕೊಂದ ಬಿಡವಾ, ಪುಸ್ತಕ ಬರ್ತೈತಿ" ಅಂದರು ನಗುತ್ತ. ಸುಮಿತಾ ನಗಲಿಲ್ಲ.

ಜೂನ್ 29

ಕೊಂದಳು. ಪ್ರವಾಹದಲ್ಲಿ, ಇಬ್ಬರನ್ನೂ. ಎಲ್ಲವನ್ನೂ ಮೊದಲಿಂದ ಬರೆಯತೊಡಗಿದವಳು ಇವತ್ತು ಪೆನ್ನು ಕೆಳಗಿಟ್ಟಳು.

"ಅವ್ವಾ, ತಾಯಿ ಸತ್ರ ಚಂದಲೆಗೆ ಧೈರ್ಯ ಬರ್ತೈತಿ, ಖರೆ. ಸಿಟ್ಟೂ ಬರ್ತೈತಿ. ಆದ್ರ ವೈರಿ ಮಗನ್ನ ಯಾಕ ಬಿಡ್ತಾಳ? ಅದನ್ನ ಆಕಿಗೆ ಕಲಿಸಿದವರು ಯಾರು?"

ನಾನು ಓದಿದ್ದು ಏಳನೇ ಇಯತ್ತೆ. "ನಿನಗ ಹೆಂಗ ಖರೆ ಅನಸ್ತೈತಿ ಹಂಗ ಬರಿ" ಅಂದೆ.

ಜುಲೈ 4

ರಾಜ ರಾಣಿ ಸಾಯುವುದು ಬೇಡ ಅಂತ ಧಾರವಾಡಕ್ಕೆ ಹೋಗಿ ಎದುರೇ ಹೇಳುತ್ತಾಳಂತೆ. ಶಾಲೆಗೆ ರಜೆ ಹಾಕಿದ್ದಾಳೆ. ಇವರು ತಕ್ಷಣ, "ನಾ ಶಿಫ್ಟ್ ಬದಲ್ ಮಾಡ್ಕೋತೇನಿ. ಆ ಬಾಯಾರ ಜೋಡಿ ನಾ ಮಾತಾಡ್ತೇನಿ."

ಸುಮಿತಾ ನನ್ನ ಮುಖ ನೋಡಿದಳು.

"ಬ್ಯಾಡ್ರಿ. ಆಕೀನ ಹೋಗ್ಲಿ. ಆಕಿ ಕಥಿ, ಆಕೀನ ಮಾತಾಡ್ಲಿ" ಅಂದೆ.

ಇವರಿಗೆ ಬೇಜಾರಾಯಿತು. ನನಗೂ ಧೈರ್ಯ ಇರಲಿಲ್ಲ, ಹೇಳಲಿಲ್ಲ. ದೊಡ್ಡವರ ಮುಂದೆ ಇವಳಿಗೆ ದನಿಯೇ ಏಳುವುದಿಲ್ಲ. ಅವರು ಒಪ್ಪದಿದ್ದರೆ ಪುಸ್ತಕವೇ ಇಲ್ಲ...

ಜುಲೈ 5, ಬೆಳಿಗ್ಗೆ

ಅವಳನ್ನು ಬಿಡಲು ಬಸ್‌ಸ್ಟ್ಯಾಂಡಿಗೆ ಇಬ್ಬರೂ ಹೋದೆವು. ಮಳೆ. ಬಸ್ಸು ಹೊರಡುವಾಗ ಇವರು ಹತ್ತಲು ಒಂದು ಹೆಜ್ಜೆ ಮುಂದಿಟ್ಟರು. ಅಂಗಿಯ ತೋಳು ಹಿಡಿದು ನಿಲ್ಲಿಸಿದೆ.

ಸಂಜೆ

ಬಂದಳು. ಒದ್ದೆ, ಹಸಿವು, ಮುಖದ ತುಂಬ ಬೆಳಕು.

ಶಾಂತಾದೇವಿ ಕೇಳಿದರಂತೆ: "ತಾಯಿ ತಂದಿ ಜೀವಂತ ಇದ್ದೂ, ಹುಡುಗಿ ಒಬ್ಬಾಕಿನ ಯುದ್ಧಕ್ಕ ಹೆಂಗ ಹೋಗ್ತಾಳ?"

"ಆಕಿ ಅವ್ವ ತಾನ ಕೋಟೆ ಬಾಗಲಾ ತೆಗೀತಾಳ್ರಿ. ಅಪ್ಪ ಬೆನ್ನು ಹತ್ತತಾನ. ಅವ್ವ ಆತನ ತೋಳ ಹಿಡೀತಾಳ."

ಅವರು ಚಹಾ ತರಿಸಿ, "ಇದನ್ನ ಬರಿ, ಇದನ್ನ ಹಾಕೂಣು" ಅಂದರಂತೆ.

"ನಿನಗ ಹೆಂಗ ಹೊಳೀತವಾ?" ಅಂದೆ.

"ಬಸ್ಸಿನ ಕಿಟಕ್ಯಾಗಿಂದ ನೋಡಿದ್ನಲ್ಲ."

ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದೆ. ನಮ್ಮ ಮನೆಗೆ ಬಾಗಿಲು ಒಂದೇ, ಅದೂ ಮಳೆಗೆ ಉಬ್ಬಿ ಸರಿಯಾಗಿ ಮುಚ್ಚುವುದಿಲ್ಲ. ಪುಸ್ತಕದಲ್ಲಿ ಅದು ಕೋಟೆಯ ಬಾಗಿಲಾಯಿತು.

ನವೆಂಬರ್ 27

ಪುಸ್ತಕ ಬಂತು. ಹೊಲಿಯಲು ಬಟ್ಟೆ ತಂದವರಿಗೆಲ್ಲ ತೋರಿಸಿದೆ. ಯಾರ ಅಳತೆ ಯಾರದಕ್ಕೆ ಬರೆದೆನೋ ಗೊತ್ತಿಲ್ಲ. ಇವರು ಡ್ಯೂಟಿ ಮುಗಿಸಿ ಬಂದು ದಿನಾ ಓದುತ್ತಾರೆ, ಬೆರಳಿಟ್ಟು. ಬಾಗಿಲಿನ ಪುಟಕ್ಕೆ ಬಂದ ದಿನ, ಕನ್ನಡಕ ಒರೆಸಿಕೊಂಡು ಅದೇ ಪುಟ ಮತ್ತೆ ಓದಿದರು.

ಡಿಸೆಂಬರ್ 13

ಜೊಯಿಡಾದ ಶಾಲೆಯೊಂದರಲ್ಲಿ ಸುಮಿತಾ ಪುಸ್ತಕ ಓದಿದಳು. ನಾವು ಹಿಂದಿನ ಬೆಂಚಿನಲ್ಲಿ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. ಮನೆಮಾತು ಕೊಂಕಣಿ ಇರಬೇಕು, ಕನ್ನಡ ತಡೆದು ತಡೆದು ಬಂತು.

"ಟೀಚರ್, ಪುಸ್ತಕ ಮುಗಿದ ಮೇಲೂ... ರಾಣಿ ಸಾಯುವುದಿಲ್ಲ ಅಲ್ಲ?"

"ಇಲ್ಲ."

"ಖರೆ?"

"ಖರೆ. ಅಲ್ಲೇ ಹಿಂದ ಕೂತಾಳ ನೋಡು."

ಮಕ್ಕಳೆಲ್ಲ ತಿರುಗಿದವು. ಎದ್ದು ನಿಂತೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಇವರೂ ಎದ್ದರು, ಯಾರೂ ಹೇಳದೆ, ಮಿಲ್ಲಿನ ಅಂಗಿಯಲ್ಲೇ — ನೆಟ್ಟಗೆ. ಇಷ್ಟು ವರ್ಷದಲ್ಲಿ ಇವರು ಹಾಗೆ ನಿಂತದ್ದನ್ನು ನೋಡಿರಲಿಲ್ಲ.

ಈಗ ಮನೆ. ಇವರು ಹೊರಗಿನ ಕಟ್ಟೆಯ ಮೇಲೆ ಕೂತು ತಮ್ಮನಿಗೆ ಫೋನ್ ಮಾಡುತ್ತಿದ್ದಾರೆ. ಇಡೀ ಓಣಿಗೆ ಕೇಳುವಂತೆ. "ಹೂಂ, ಮೊಸಳಿನ. ಹಾರ್ತಾವಂದ್ರ ಹಾರ್ತಾವಪಾ. ನಮ್ಮ ಮಗಳು ಬರದಾಳಂದ ಮ್ಯಾಲೆ..." ಈಗ ನನ್ನನ್ನು ಕರೆಯುತ್ತಿದ್ದಾರೆ, ಮೈದುನನಿಗೆ ರಾಣಿಯ ಜೋಡಿ ಮಾತಾಡಬೇಕಂತೆ —