ಕೃತ್ತಿಕೆಯ ಏಳನೆಯ ಚುಕ್ಕಿ

ಅಕ್ಕಾ,

ಹೋದ ಕಾರ್ಡಿನಲ್ಲಿ ಕಣ್ಣಿಗೆ ಪೊರೆ ಬಂದಿದೆ ಎಂದು ಬರೆದಿದ್ದೆನಲ್ಲ, ಬಂದಿಲ್ಲ. ಸದ್ಯ, ಬದುಕಿದೆ! ಈ ನಗರದಲ್ಲಿ ಮಹಡಿ ಹತ್ತಿ ನೋಡಿದರೂ ಒಂದೆರಡು ನಕ್ಷತ್ರ ಕಂಡರೆ ಹೆಚ್ಚು. ಅದನ್ನೇ ಪೊರೆ ಎಂದುಕೊಂಡು, ಹೊಲಿದು ತಿನ್ನುವ ಅನ್ನಕ್ಕೆ ಕಲ್ಲು ಬಿತ್ತೆಂದು ಹೆದರಿದ್ದೆ. ನಮ್ಮ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುವಾಕೆ ಕೇಳಿ ನಕ್ಕುಬಿಟ್ಟಳು. "ನಿಮ್ ಕಣ್ಣಿಗೇನೂ ಆಗಿಲ್ಲ ಕಣ್ರೀ, ಬೀದಿ ದೀಪದ ಕಾಟ. ನನ್ ಜೊತೆ ಬಸ್ಸಿನ ಕೊನೇ ಸ್ಟಾಪಿಗೆ ಬನ್ನಿ."

ನಿನ್ನೆ ಹೋದೆವು. ಅಲ್ಲಿ ಗುಡ್ಡ ಅಡ್ಡ ನಿಂತು ನಗರದ ಬೆಳಕನ್ನೆಲ್ಲ ಮರೆಮಾಡಿದೆ. ನಾನು ಟಾರ್ಚ್ ಹಚ್ಚಹೋದರೆ ಕಿತ್ತುಕೊಂಡಳು. "ಸ್ವಲ್ಪ ತಡೀರಿ, ಕಣ್ಣು ಕತ್ತಲಿಗೆ ಒಗ್ಗಲಿ." ಒಗ್ಗಿತು ನೋಡು, ಕರಿ ಬಟ್ಟೆಯ ಮೇಲೆ ಗುಂಡಿಯ ಡಬ್ಬಿ ಬೋರಲು ಬಿದ್ದ ಹಾಗೆ ಆಕಾಶದ ತುಂಬ ನಕ್ಷತ್ರ!

ಮೇಲೆ ನೋಡಿ ನೋಡಿ ಕತ್ತು ಹಿಡಿದುಕೊಂಡಿದೆ, ಅಷ್ಟೇ ಕಾಯಿಲೆ. ಕನ್ನಡಕಕ್ಕೆಂದು ಏನೂ ಕಳಿಸಬೇಡ.

ಕೃತ್ತಿಕೆಯ ಗೊಂಚಲನ್ನೂ ಎಣಿಸಿದೆ. ಚಿಕ್ಕಂದಿನಲ್ಲಿ ನಾನು ಏಳು ಅಂದದ್ದಕ್ಕೆ, "ಆರೇ ಇರೋದು, ಸುಳ್ಳುಬುರುಕಿ" ಅಂತ ಕಿವಿ ಹಿಂಡಿದ್ದೆಯಲ್ಲ? ಏಳೇ ಇವೆ. ಕಣ್ಣು ತೋರಿಸಿಕೊಳ್ಳಬೇಕಾದವಳು ನೀನು.

ಕಾರ್ಡು ತುಂಬಿತು.

ನಿನ್ನ ಸುಳ್ಳುಬುರುಕಿ ತಂಗಿ