ಮೊದಲ ಜಾಗ ಖಾಲಿ ಇದೆ

ಬೆಟಗೇರಿ, ನಾಲ್ಕನೆಯ ಗಣನೆಯ ೬೧ನೇ ವರ್ಷ, ಹದಿಮೂರನೆಯ ತಿಂಗಳ ಎರಡನೇ ದಿನ. ನಿಮ್ಮ ಪಂಚಾಂಗದಲ್ಲಿ ಇದು ಸುಮಾರು ೨೧೯೪.

ಇದನ್ನು ಓದುವವರಿಗೆ ಈರಬಸಪ್ಪ ಬೇವಿನಕಟ್ಟಿಯ ಶರಣು. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಈ ಕಾಗದವನ್ನು ಹಿಂದಂಚೆಯಲ್ಲಿ ಕಳಿಸುತ್ತಿದ್ದೇನೆ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನಾನು ನಮ್ಮ ಓಣಿಯ ಗೋಡೆಪತ್ರಿಕೆಗೆ ದಿನವೂ ಸುದ್ದಿ ಬರೆಯುವವನು. ಈ ಸುದ್ದಿಯನ್ನು ಇಲ್ಲಿ ಅಂಟಿಸಿದರೆ ಸುಡುತ್ತಾರೆ. ನಿಮ್ಮ ಕಾಲಕ್ಕೆ ಬಂದು ಸುಡುವ ಅಧಿಕಾರ ಅವರಿಗಿಲ್ಲ.

ನಮ್ಮಲ್ಲಿ ಹತ್ತು ವರ್ಷ ತುಂಬಿದ ಪ್ರತಿ ಮಗುವಿನ ಮಿದುಳನ್ನು ಒಂದೇ ಅಳತೆಗೆ ತರುತ್ತಾರೆ. ಅದಕ್ಕೆ ಸಮತಟ್ಟು ಎಂದು ಹೆಸರು. ನನ್ನ ತಂಗಿ ದಾಕ್ಷವ್ವನಿಗೆ ಅದು ಆಗಿಲ್ಲ. ಅವಳಂಥವರನ್ನು ನಿಮ್ಮ ಕಾಲದಲ್ಲಿ ಆಟಿಸಂ ಇರುವವರು ಎನ್ನುತ್ತಿದ್ದರಂತೆ. ಅವಳನ್ನು ನಮ್ಮ ಚಿಗವ್ವ, ಎಂದರೆ ಚಿಕ್ಕಮ್ಮ, ಗುರವ್ವ ಮೂವತ್ತನಾಲ್ಕು ವರ್ಷ ಬಚ್ಚಿಟ್ಟು ಸಾಕಿದಳು.

ದಾಕ್ಷವ್ವ ಮಾಡುವುದು ಫಲಕಗಳನ್ನು. ಮುರಿದ ಮಗ್ಗದ ಹಲಗೆಯ ಮೇಲೆ ಹಳೆಯ ಕೌದಿ ಬಿಗಿದು, ಅದಕ್ಕೆ ಗಾಜು, ತಂತಿ, ಹೆಂಚು, ಲಾಳಿಯ ಚೂರುಗಳನ್ನು ಹೊಲಿದು ಅಂಟಿಸುತ್ತಾಳೆ. ಬಣ್ಣ ನೋಡುವುದಿಲ್ಲ. ವಸ್ತು ಒಡೆಯುವಾಗಿನ ಸಪ್ಪಳವೇ ಅವಳಿಗೆ ಸ್ಫೂರ್ತಿ. ಯಾವುದು ಮೊದಲು ಒಡೆಯಿತೋ ಅದು ಎಡತುದಿಗೆ, ನಂತರ ಒಡೆದದ್ದು ಅದರ ಬಲಕ್ಕೆ. ಜೋರು ಸದ್ದಿಗೆ ಕಿವಿಯಲ್ಲಿ ಅರಳೆ ತುರುಕಿಕೊಂಡು ಹಣೆ ಗೋಡೆಗೆ ಬಡಿದುಕೊಳ್ಳುತ್ತಾಳೆ. ಆದರೂ ಎಲ್ಲವನ್ನೂ ಕೇಳಿರುತ್ತಾಳೆ. ಒಂದು ಫಲಕಕ್ಕೆ ಮೂರು ತಿಂಗಳು ಬೇಕು. ಅಷ್ಟು ದಿನ ಬಿಳಿ ಅನ್ನ ಬಿಟ್ಟು ಬೇರೇನೂ ತಿನ್ನುವುದಿಲ್ಲ.

ಐದು ತಿಂಗಳ ಹಿಂದೆ ಸಮತಟ್ಟಿನ ದಳ ಅವಳನ್ನು ಹುಡುಕಿಕೊಂಡು ಬಂತು. ನಾನು ಊರಲ್ಲಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತ ಚಿಗವ್ವನ ಮುಂಗೈಯನ್ನೂ ಎದೆಯನ್ನೂ ಒಂದೇ ಗುಂಡು ಸೀಳಿತು. ಅದನ್ನು ಕಂಡ ಎದುರುಮನೆಯ ಇಬ್ಬರು ನೇಕಾರರನ್ನು ಬಂದೂಕಿನ ಹಿಡಿಯಿಂದ ತಲೆ ಒಡೆದು ಕೊಂದರು. ಆಮೇಲೆ ಓಣಿಯವರು ಮಾಳಿಗೆಯ ಮೇಲಿಂದ ಕಲ್ಲು ಎಸೆದು ದಳವನ್ನು ಓಡಿಸಿದರು. ದಾಕ್ಷವ್ವ ಮಗ್ಗದ ಕೆಳಗೆ ಕಾಲಿಡುವ ಕುಣಿಯಲ್ಲಿ ಅಡಗಿದ್ದಳು. ಮರುದಿನದವರೆಗೂ ಹೊರಗೆ ಬರಲಿಲ್ಲ.

ಅದೇ ದಿನ ಸಂಜೆಗೆ ನಾನು ಬಂದೆ, ಚಿಗವ್ವನ ಮಣ್ಣು ಮುಗಿಸಿದೆವು. ಹೆಣ ಎತ್ತಿದ ಮೇಲೆ ಹೊಸ್ತಿಲು ತೊಳೆಯುವುದು ನಮ್ಮ ಪದ್ಧತಿ. ತೊಳೆದೆ. ನಾಲ್ಕು ಕೊಡ ನೀರು ಸುರಿದು, ರಕ್ತದ ಜೊತೆ ಇದ್ದುದನ್ನೆಲ್ಲ ಗಟಾರಕ್ಕೆ ಗುಡಿಸಿದೆ.

ಜನರೇ ಮೊದಲು ಕಲ್ಲು ಎಸೆದರು ಎಂದು ದಳ ಹೇಳಿಕೆ ಕೊಟ್ಟಿತು. ದಳದ ತಪ್ಪು ಸಾಬೀತಾದರೆ ಅದು ಹಿಡಿಯಬಂದವರನ್ನು ಬಿಡಬೇಕೆಂಬುದು ನಮ್ಮ ಕಾನೂನು; ಹೇಳಿಕೆ ಸುಳ್ಳೆಂದು ತೋರಿಸದಿದ್ದರೆ ದಾಕ್ಷವ್ವನಿಗೆ ಸಮತಟ್ಟು ತಪ್ಪುತ್ತಿರಲಿಲ್ಲ. ಆರೋಪ ಹೊತ್ತ ಓಣಿಯವರ ಮಾತೂ ಸಮತಟ್ಟಾಗದವರ ಮಾತೂ ನಮ್ಮ ನ್ಯಾಯಮಂಡಳಿಗೆ ಸಾಕ್ಷಿಯಲ್ಲ, ಅವರು ಮಾಡಿದ ವಸ್ತುವಾದರೆ ಸಾಕ್ಷಿ. ಅವಳು ಆ ದಿನದ ಫಲಕ ಮಾಡಿದಳು. ಮಂಡಳಿ ಪರೀಕ್ಷೆಗೆಂದು ಪರದೆಯ ಹಿಂದೆ ನಲವತ್ತು ಪಾತ್ರೆ ಒಡೆಸಿತು. ಚೂರುಗಳನ್ನು ಒಂದೂ ತಪ್ಪದೆ ಒಡೆದ ಕ್ರಮದಲ್ಲಿಯೇ ಜೋಡಿಸಿದಳು.

ದಳದ ನಾಯಕ ನಕ್ಕ. "ಹುಚ್ಚಿ ಹೊಲಿದ ಕೌದಿ ನೋಡಿ ನಮಗ ಶಿಕ್ಷಾ ಕೊಡ್ತೀರೇನ್ರಿ? ಹಾಸ್ಕೊಂಡು ಮಕ್ಕೊಳ್ರಿ" ಎಂದ.

ಮಂಡಳಿಯ ಹಿರಿಯರು ನಗಲಿಲ್ಲ. ಫಲಕದ ಎಡತುದಿಗೆ ಬೆರಳಿಟ್ಟರು. "ಮೊದಲನೇ ಜಾಗಾನ ಖಾಲಿ ಐತಲ್ಲವ್ವಾ. ಅದು ಕಲ್ಲ ಇದ್ದಿದ್ರ? ನಾಳಿಗೆ ತುಂಬಿ ತಗೊಂಡ ಬರ್ರಿ."

ಅಲ್ಲಿ ಇರಬೇಕಾದದ್ದು ಚಿಗವ್ವನ ಬಳೆಯ ಚೂರು. ನಾನು ಗುಡಿಸಿದ್ದು ಅದನ್ನೇ.

ಮರುದಿನ ಬೆಳಿಗ್ಗೆ ಪೇಟೆಯಿಂದ ಅಂಥವೇ ಹಸಿರು ಬಳೆ ತಂದು, ಒಡೆದು, ಅವಳು ಸ್ನಾನಕ್ಕೆ ಹೋದಾಗ ಅಂಟಿಸಿದೆ. ಒದ್ದೆ ಕೂದಲಲ್ಲೇ ಬಂದವಳು ಚೂರಿನ ಮೇಲೆ ಉಗುರಿನಿಂದ ತಟ್ಟಿದಳು.

"ಇದರ ಸಪ್ಪಳಾ ನಾ ಕೇಳಿಲ್ಲ. ಇದು ಪ್ಯಾಟ್ಯಾಂದು."

"ಇರ್ಲಿ ಬಿಡ ತಂಗಿ. ನಿನ್ನ ತಲಿ ಉಳಿತದ."

"ಚಿಗವ್ವಂದಲ್ಲ" ಎಂದು ಸುತ್ತಿಗೆ ಎತ್ತಿದಳು. ನಾನು ಕೈ ಅಡ್ಡ ಇಟ್ಟೆ. ಅವಳು ನಿಲ್ಲಿಸಲಿಲ್ಲ. ಬಳೆಯೂ ನನ್ನ ಎರಡು ಬೆರಳೂ ಪುಡಿಯಾದವು. ಆಮೇಲೆ ನನ್ನ ರಕ್ತವನ್ನು ಫಲಕದಿಂದ ಒದ್ದೆ ಅರಿವೆಯಲ್ಲಿ ಒರೆಸಿದಳು, ಅದೂ ಆ ದಿನದ್ದಲ್ಲವಲ್ಲ.

ಮಂಡಳಿ ಫಲಕವನ್ನು ಅಪೂರ್ಣವೆಂದು ತಿರಸ್ಕರಿಸಿತು. ದಳದ ಒಂಬತ್ತು ಮಂದಿ ಹೂಮಾಲೆ ಹಾಕಿಸಿಕೊಂಡು ಹೊರಬಂದರು. ದಾಕ್ಷವ್ವನನ್ನು ಸೋಮವಾರ ಹತ್ತು ಗಂಟೆಗೆ ಒಯ್ಯುತ್ತಾರೆ, ಫಲಕವನ್ನು ಅದೇ ದಿನ ಸುಡುತ್ತಾರೆ. ಸಮತಟ್ಟಾದ ಮೇಲೆ ಅವಳಿಗೆ ಆ ಸಪ್ಪಳಗಳು ನೆನಪಿರುವುದಿಲ್ಲ. ಈಗ ಅವಳು ಪಕ್ಕದಲ್ಲಿ ಕುಳಿತು ಒಡೆದ ಕ್ರಮ ಹೇಳುತ್ತಿದ್ದಾಳೆ, ನಾನು ಎಡಗೈಯಲ್ಲಿ ಬರೆಯುತ್ತಿದ್ದೇನೆ.

ನನ್ನ ವಿನಂತಿ ಇಷ್ಟೇ. ನಿಮ್ಮಲ್ಲಿ ಕಲ್ಲಿನ ಶಾಸನಗಳು ಇನ್ನೂ ಉಳಿದಿವೆಯಂತೆ. ಇದನ್ನು ಎಲ್ಲಾದರೂ ಕೆತ್ತಿಸಿಡಿ: ಮೊದಲು ಒಡೆದದ್ದು ಗುರವ್ವನ ಬಳೆ. ಎರಡನೆಯದು ಕಿಟಕಿಯ ಗಾಜು. ಕಲ್ಲು ಹದಿನೇಳನೆಯದು.